ಗಸಗಸೆಯ ಹೊಲದಿಂದ ಪಂಪ್‌ವೆಲ್‌ವರೆಗೆ

2024ರಲ್ಲಿ ಮಂಗಳೂರಿನ ಪಂಪ್‌ವೆಲ್ ಸಮೀಪದ ವಸತಿಗೃಹವೊಂದರಲ್ಲಿ ಪೋಲೀಸರ ಕೈಗೆ ಸಿಕ್ಕ ಮಾದಕ ವಸ್ತುವಿನ ತೂಕ ಕೇವಲ 15 ಗ್ರಾಮು. ಅದರ ಜಾಡು ಹಿಡಿದು ಹೊರಟ ನಗರದ ಅಪರಾಧ ವಿಭಾಗದವರು ಬೆಂಗಳೂರಿನಲ್ಲಿ ಮೊದಲು 6 ಕಿಲೋವನ್ನೂ, 2025ರ ಮಾರ್ಚಿನಲ್ಲಿ 37 ಕಿಲೋವಿಗೂ ಮಿಕ್ಕಿದ ಸರಕನ್ನೂ ವಶಪಡಿಸಿಕೊಂಡರು. ಅದರ ಬೆಲೆ 75 ಕೋಟಿ ರೂಪಾಯಿ ಎಂಬ ಸುದ್ದಿಯನ್ನು ಓದಿ ಊರೇ ಬೆರಗಾಯಿತು. ಬೆಲೆಗಿಂತಲೂ ವಿಚಾರಾರ್ಹವಾದ ಸಂಗತಿಯೊಂದು ಅದರಲ್ಲಿದೆ. ಎಂ.ಡಿ.ಎಂ.ಎ. ಎಂಬ ಈ ವಸ್ತುವಿಗೆ ಹೊಲವಿಲ್ಲ, ಮಳೆ ಬೇಕಿಲ್ಲ, ರೈತನೂ ಬೇಕಿಲ್ಲ. ಅಫೀಮಿಗೆ ಗಸಗಸೆಯ ಗಿಡ ಬೇಕು. ಕೋಕೇನಿಗೆ ಕೋಕಾ ಪೊದೆ ಬೇಕು. ಇದಕ್ಕೆ ಬೇಕಾದುದು ರಾಸಾಯನಿಕಗಳ ಪೀಪಾಯಿಗಳು ಮತ್ತು ಒಂದು ಮುಚ್ಚಿದ ಕೋಣೆ ಮಾತ್ರ. ಮಾದಕ ವಸ್ತುವಿನ ವ್ಯಾಪಾರ ಹೊಲವನ್ನು ಬಿಟ್ಟು ಕೋಣೆಯನ್ನು ಸೇರಿದ್ದು ಹೇಗೆಂದು ಕೇಳುತ್ತ ಹೋದರೆ, ಪ್ರಬಲ ರಾಷ್ಟ್ರಗಳು ಪರದೇಶಗಳ ಬೆಳೆಯ ಮೇಲೆ ಅರ್ಧ ಶತಮಾನದಿಂದ ಹೂಡಿರುವ ಸಮರದ ಕಥೆ ಎದುರಾಗುತ್ತದೆ.

ಆ ಕಥೆ ತುರ್ಕಿಯಿಂದ ಆರಂಭವಾಗುತ್ತದೆಂದರೆ ತಪ್ಪಾಗಲಾರದು. ಅಮೆರಿಕೆಯ ಒತ್ತಾಯಕ್ಕೆ ಮಣಿದು ತುರ್ಕಿಯು 1971ರಲ್ಲಿ ಗಸಗಸೆಯ ಬೇಸಾಯವನ್ನು ನಿಷೇಧಿಸಿತು. ಹೊಲ ಬರಿದಾಯಿತು, ಬೇಡಿಕೆ ಬರಿದಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಮೆಕ್ಸಿಕೋದ ಬೆಟ್ಟಗಳು ಆ ಸ್ಥಾನವನ್ನು ತುಂಬಿದವು. ಅಲ್ಲಿ ವಿಷ ಸಿಂಪಡಿಸಿದಾಗ ವ್ಯಾಪಾರ ಮತ್ತೆ ಏಷ್ಯದತ್ತ ತಿರುಗಿತು. ಇತ್ತ ತುರ್ಕಿ 1974ರಲ್ಲಿ ನಿಷೇಧವನ್ನು ತೆಗೆದು, ಕಾಯಿಯನ್ನು ಗೀರಿ ಹಾಲು ತೆಗೆಯದೆ ಇಡಿಯಾಗಿ ಒಣಗಿಸಿ ಔಷಧದ ಕಾರ್ಖಾನೆಗೆ ಕೊಡಬೇಕೆಂಬ ಷರತ್ತಿನ ಮೇಲೆ ರೈತರಿಗೆ ಪರವಾನಗಿ ನೀಡಿತು. ಅಲ್ಲಿಂದೀಚೆಗೆ ಆ ದೇಶದ ಅಫೀಮು ಕಳ್ಳಪೇಟೆಗೆ ಹರಿದುದು ಅತ್ಯಲ್ಪ. ನಮ್ಮ ಹಬ್ಬದ ಪಾಯಸಕ್ಕೆ ಅಂಗಡಿಯಿಂದ ತರುವ ಗಸಗಸೆಯಲ್ಲಿ ತುರ್ಕಿಯ ಹೊಲದ್ದು ಸಾಕಷ್ಟಿದೆ ಎಂಬುದನ್ನು ಬಲ್ಲವರು ಕಡಿಮೆ. ಬೆಳೆಯನ್ನು ನಾಶ ಮಾಡುವುದಕ್ಕಿಂತ ಬೆಳೆಗಾರನೊಡನೆ ಒಪ್ಪಂದಕ್ಕೆ ಬರುವುದು ಲೇಸೆಂಬ ಪಾಠ ಅಷ್ಟು ಹಿಂದೆಯೇ ದೊರೆತಿತ್ತು. ಅದನ್ನು ಕಲಿತವರು ಮಾತ್ರ ವಿರಳ.

ಕೊಲಂಬಿಯಾದ ಉದಾಹರಣೆಯನ್ನೇ ನೋಡಬಹುದು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಕೋಕಾ ಬೆಳೆಯನ್ನು ಹತ್ತಿಕ್ಕಿದಂತೆಲ್ಲ ಅದು ನೆರೆಯ ಕೊಲಂಬಿಯಾದಲ್ಲಿ ಹಬ್ಬಿತು. ಆಗ ಅಮೆರಿಕೆಯ ಹಣ ಮತ್ತು ವಿಮಾನಗಳ ನೆರವಿನಿಂದ ಆಕಾಶದಿಂದ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಸುರಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಗಾಳಿಗೆ ಗಡಿಯ ಪರಿಜ್ಞಾನವೆಲ್ಲಿ? ಕೋಕಾದ ಪಕ್ಕದಲ್ಲಿದ್ದ ಬಾಳೆ, ಮರಗೆಣಸುಗಳ ಮೇಲೂ ಅದು ಬಿದ್ದಿತು. ತನ್ನ ಜನರಿಗೂ ಬೆಳೆಗೂ ಹಾನಿಯಾಯಿತೆಂದು ನೆರೆಯ ಈಕ್ವೆಡಾರ್ 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆ ಹೊಕ್ಕಿತು. 2013ರಲ್ಲಿ ಕೊಲಂಬಿಯಾ 1.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಗ್ಲೈಫೋಸೇಟ್ ಕ್ಯಾನ್ಸರಿಗೆ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು ಅಭಿಪ್ರಾಯಪಟ್ಟ ಮೇಲೆ, 2015ರಲ್ಲಿ ಸಿಂಪಡಣೆ ನಿಂತಿತು.

ಈ ವೃತ್ತಾಂತ ನಮ್ಮ ಕಡೆಯ ವಾಚಕರಿಗೆ ದೂರದ್ದೆನಿಸಲಾರದು. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಕಾಲು ಶತಮಾನ, 2000ದವರೆಗೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಲ್ಲಿ, ಇತ್ತ ಬೆಳ್ತಂಗಡಿ ಸೀಮೆಯ ಕೊಕ್ಕಡ, ಪಟ್ರಮೆಗಳಲ್ಲಿ, ಅದರ ಫಲವನ್ನು ಉಣ್ಣುತ್ತಿರುವ ಮನೆಗಳು ಇಂದಿಗೂ ಇವೆ. ಅಲ್ಲಿ ಗುರಿ ಗೇರಿನ ಸೊಳ್ಳೆ. ಕೊಲಂಬಿಯಾದಲ್ಲಿ ಗುರಿ ಕೋಕಾ ಪೊದೆ. ಎರಡು ಕಡೆಯೂ ಮೇಲಿದ್ದವನಿಗೆ ಕೆಳಗಿನ ಬಾವಿ, ತೊಟ್ಟಿಲು ಕಾಣಿಸಲಿಲ್ಲ. ಇಷ್ಟಾಗಿಯೂ ಕೋಕಾ ಅಳಿಯಿತೆ? ಬೆಳೆಗಾರರು ಕಾಡಿನ ಒಳಗೊಳಕ್ಕೆ ಸರಿದು, ಮರಗಳನ್ನು ಕಡಿದು, ಚಿಕ್ಕ ಚಿಕ್ಕ ತುಂಡುಗಳಲ್ಲಿ ಅದನ್ನು ನೆಟ್ಟರು. 2023ರಲ್ಲಿ ಕೊಲಂಬಿಯಾದ ಕೋಕಾ ಸುಮಾರು 2,53,000 ಹೆಕ್ಟೇರಿಗೆ ಏರಿತ್ತೆಂದು ವಿಶ್ವಸಂಸ್ಥೆ ಲೆಕ್ಕ ಹಾಕಿದೆ.

ಅಫಘಾನಿಸ್ಥಾನದ್ದು ಇನ್ನೊಂದು ಬಗೆ. ಅಲ್ಲಿ ನಿಷೇಧ ಹೊರಗಿನಿಂದ ಬಂದುದಲ್ಲ. 2022ರ ಏಪ್ರಿಲಿನಲ್ಲಿ ತಾಲಿಬಾನಿನ ಆಜ್ಞೆ ಹೊರಟಿತು. ಮರುವರ್ಷ 2,33,000 ಹೆಕ್ಟೇರಿದ್ದ ಗಸಗಸೆ 10,800 ಹೆಕ್ಟೇರಿಗೆ ಇಳಿಯಿತು. ಇಷ್ಟು ಪೂರ್ಣವಾದ ವಿಜಯವನ್ನು ಯಾವ ವಿಮಾನವೂ ಸಾಧಿಸಿರಲಿಲ್ಲ. ಆದರೆ ಅಫೀಮಿನಿಂದ ರೈತರಿಗೆ ಬರುತ್ತಿದ್ದ 136 ಕೋಟಿ ಡಾಲರ್ ಆದಾಯ ಒಂದೇ ವರ್ಷದಲ್ಲಿ 11 ಕೋಟಿಗೆ ಕುಸಿಯಿತು. ದಾಸ್ತಾನು ಇಟ್ಟಿದ್ದ ಧನಿಕರಿಗೆ ಏರಿದ ಬೆಲೆ ಲಾಭವಾಯಿತು. ಸಾಲ ಮಾಡಿ ಬಿತ್ತುತ್ತಿದ್ದವನಿಗೆ ಗೋದಿಯೊಂದೇ ಉಳಿಯಿತು. ಅದೇ 2023ರಲ್ಲಿ ಅಫೀಮಿನ ಉತ್ಪಾದನೆಯಲ್ಲಿ ಜಗತ್ತಿಗೆ ಮೊದಲನೆಯದೆಂಬ ಪಟ್ಟ ಅಂತರ್ಯುದ್ಧದಿಂದ ಜರ್ಜರವಾದ ಮ್ಯಾನ್ಮಾರಿಗೆ ಸಂದಿತು. ಹುತ್ತವನ್ನು ಬಡಿದರೆ ಹಾವು ಸಾಯದೆಂಬ ಮಾತು ನಮ್ಮಲ್ಲಿದೆ. ಇಲ್ಲಿ ಹಾವು ನೆರೆಯ ಹುತ್ತಕ್ಕೆ ಹರಿಯಿತು.

ಈಗ ಎಂ.ಡಿ.ಎಂ.ಎ.ಯ ಮಾತಿಗೆ ಬರೋಣ. ಇದು ಜರ್ಮನಿಯ ಪ್ರಯೋಗಶಾಲೆಯಲ್ಲಿ 1912ರಲ್ಲಿ ಹುಟ್ಟಿದ್ದರೂ ಇದಕ್ಕೂ ಒಂದು ಮರದ ಹಂಗಿತ್ತು. ಕಾಂಬೋಡಿಯಾದ ಏಲಕ್ಕಿ ಬೆಟ್ಟಗಳಲ್ಲಿ ನಮ್ಮ ದಾಲ್ಚೀನಿಯ ಜಾತಿಗೆ ಸೇರಿದ ಮರವೊಂದಿದೆ. ಅದರ ಬೇರನ್ನು ಕುದಿಸಿದರೆ ಸಾಫ್ರೋಲ್ ಎಂಬ ಎಣ್ಣೆ ದೊರೆಯುತ್ತದೆ. ಎಂ.ಡಿ.ಎಂ.ಎ. ತಯಾರಕರು ಆ ಎಣ್ಣೆಯನ್ನು ಬಳಸುತ್ತಿದ್ದರು. ಅದಕ್ಕಾಗಿ ಕಾಡು ಬರಿದಾಗುತ್ತಿತ್ತು. 2008ರ ಜೂನಿನಲ್ಲಿ ಕಾಂಬೋಡಿಯಾ ಸರಕಾರವು ಆಸ್ಟ್ರೇಲಿಯಾದ ಪೋಲೀಸರ ನೆರವಿನಿಂದ 33 ಟನ್ ಎಣ್ಣೆಯನ್ನು ಸುಟ್ಟಿತು. 24 ಕೋಟಿಗೂ ಹೆಚ್ಚು ಮಾತ್ರೆಗಳಿಗೆ ಸಾಲುವಷ್ಟು ಎಣ್ಣೆ ಅದು. ಕಾಡನ್ನು ಉಳಿಸುವ ದೃಷ್ಟಿಯಿಂದ ಅದು ಸತ್ಕಾರ್ಯವೇ ಸರಿ. ಮುಂದಿನ ವರ್ಷ ಯುರೋಪಿನ ಪೇಟೆಯಲ್ಲಿ ಆ ವಸ್ತು ದುರ್ಲಭವಾಯಿತು. ಆದರೆ ಅದೇ ಹೆಸರಿನಲ್ಲಿ ಬೇರೆ ರಾಸಾಯನಿಕಗಳು ಮಾರಾಟವಾದವು; ಅವುಗಳಲ್ಲಿ ಕೆಲವು ಅದಕ್ಕಿಂತ ಮಾರಕವಾದವು. ಅಷ್ಟರಲ್ಲಿ ತಯಾರಕರು ಮರದ ಹಂಗಿಲ್ಲದ ಹೊಸ ಮೂಲದ್ರವ್ಯಗಳನ್ನು ಕಂಡುಕೊಂಡರು. ಎಂ.ಡಿ.ಎಂ.ಎ. ಮರಳಿ ಬಂದಿತು, ಮೊದಲಿಗಿಂತ ತೀಕ್ಷ್ಣವಾಗಿ ಬಂದಿತು. ಸುಡಬಹುದಾದ ಎಣ್ಣೆಯಾಗಲಿ, ಕಾಯಬಹುದಾದ ಕಾಡಾಗಲಿ ಅದರ ಹಿಂದೆ ಈಗ ಇಲ್ಲ.

ಪಂಪ್‌ವೆಲ್‌ನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಸುತ್ತಮುತ್ತ ಕಾಲೇಜುಗಳು, ಆಸ್ಪತ್ರೆಗಳು, ಪರವೂರಿನ ಮಕ್ಕಳು ತುಂಬಿದ ವಸತಿನಿಲಯಗಳು. ಸಾವಿರಾರು ಮೈಲಿಯಾಚೆಯ ಹೊಲವನ್ನು ಸುಡಲು ವಿಮಾನ ದೊರೆತಷ್ಟು ಸುಲಭವಾಗಿ, ಇಲ್ಲಿ ಕೊಳ್ಳುವವನ ಕಡೆ ನೋಡಲು ಕಣ್ಣು ದೊರೆತಿಲ್ಲ. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಎಂ.ಡಿ.ಎಂ.ಎ. 10 ಗ್ರಾಮು ಮೀರಿದರೆ ವ್ಯಾಪಾರದ ಪ್ರಮಾಣ; ಶಿಕ್ಷೆ ಕನಿಷ್ಠ 10 ವರ್ಷ. ಅರ್ಧ ಗ್ರಾಮಿನೊಳಗಿದ್ದರೆ ಅಲ್ಪ ಪ್ರಮಾಣ. ಅಲ್ಪ ಪ್ರಮಾಣಕ್ಕಾಗಿಯೋ ಸೇವನೆಗಾಗಿಯೋ ಸಿಕ್ಕಿಬಿದ್ದ ವ್ಯಸನಿಯು ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ವಿಧಿಯ ಪ್ರಕಾರ ಮೊಕದ್ದಮೆಯಿಂದ ವಿನಾಯಿತಿ ದೊರೆಯಬಲ್ಲದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ನಮ್ಮ ಕಾಲೇಜುಗಳಲ್ಲಿ ಮಾದಕ ವಸ್ತುವಿನ ವಿರುದ್ಧ ಪ್ರತಿಜ್ಞೆ, ಮೆರವಣಿಗೆಗಳು ನಡೆಯುತ್ತವೆ. ಅಲ್ಲಿ ಭಾಷಣ ಮಾಡುವವರ ಬಾಯಲ್ಲಿ ಹತ್ತು ವರ್ಷದ ಸಜೆಯ ಮಾತು ತಪ್ಪದೆ ಬರುತ್ತದೆ. 64ಎ ವಿಧಿಯ ಮಾತನ್ನು ಯಾರೂ ಆಡಿದುದನ್ನು ನಾನಿನ್ನೂ ಕೇಳಿಲ್ಲ.