ಷೆಫೀಲ್ಡ್‌ನ ಮಾತಿಗೆ ಕೆಂಪು ಶಾಯಿ ಬೀಳಲಿಲ್ಲ

ಆರ್ಕ್ಟಿಕ್ ಮಂಕೀಸ್ ತಂಡದ ಮೊದಲ ಆಲ್ಬಂ ಮಾತು ಬಂದಾಗಲೆಲ್ಲ ಒಂದೇ ಕತೆ ಕೇಳುತ್ತೇನೆ: ಅದು ಇಂಟರ್ನೆಟ್ಟಿನ ಪವಾಡವಂತೆ. 2006ರ ಜನವರಿಯಲ್ಲಿ ಡಾಮಿನೋ ಎಂಬ ಸ್ವತಂತ್ರ ಕಂಪನಿ ಅದನ್ನು ಹೊರತಂದಿತು. ಬ್ರಿಟನ್ನಿನಲ್ಲಿ ಮೊದಲ ವಾರವೇ 3,60,000ಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಹುಡುಗರು ಕಾರ್ಯಕ್ರಮಗಳಲ್ಲಿ ಪುಕ್ಕಟೆ ಹಂಚಿದ ಸಿ.ಡಿ.ಗಳ ಹಾಡುಗಳನ್ನು ಅಭಿಮಾನಿಗಳು ನೆಟ್‌ನಲ್ಲಿ ಹಬ್ಬಿಸಿದ್ದು ನಿಜ. ಆದರೆ ಆಗ ನೆಟ್‌ನಲ್ಲಿ ಹಾಡು ಹಾಕಿದವರು ಅವರೊಬ್ಬರೇ ಏನು? ನೆಟ್ಟನ್ನು ಹೊಗಳಿ ಹಾಡನ್ನು ಮರೆಯುವುದೆಂದರೆ, ಅಂಚೆಯಣ್ಣನಿಗೆ ಹಾರ ಹಾಕಿ ಕಾಗದವನ್ನು ಓದದೆ ಇಟ್ಟಂತೆ.

ಆ ಕಾಗದದಲ್ಲಿ ಇದ್ದದ್ದು ಷೆಫೀಲ್ಡ್. ಉಕ್ಕಿಗೆ ಹೆಸರಾದ ಆ ಊರಿನ ಅಲೆಕ್ಸ್ ಟರ್ನರ್‌ಗೆ ಆಗಷ್ಟೇ ಇಪ್ಪತ್ತು ತುಂಬಿತ್ತು. ಅವನು ಹಾಡಿದ್ದು ಕ್ಲಬ್ಬಿನ ಬಾಗಿಲಲ್ಲಿ ತಡೆಯುವ ಬೌನ್ಸರ್‌ಗಳನ್ನು, ರಾತ್ರಿಯ ಟ್ಯಾಕ್ಸಿಯನ್ನು, ಮುನಿಸಿಕೊಂಡ ಗೆಳತಿಯನ್ನು. ಅದೂ ತನ್ನೂರಿನ ಉಚ್ಚಾರದಲ್ಲೇ. 'ಮಾರ್ಡಿ ಬಮ್' ಹಾಡಿನ 'ಮಾರ್ಡಿ' ಎಂಬುದು ಸಿಡುಕುಮೋರೆಯವರಿಗೆ ಆ ಕಡೆಯವರು ಅನ್ನುವ ಮಾತು. 'ಫೇಕ್ ಟೇಲ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಹಾಡಂತೂ ಪಕ್ಕದೂರಲ್ಲಿ ಹುಟ್ಟಿ ಅಮೆರಿಕದವರಂತೆ ಆಡುವ ತಂಡಗಳ ಗೇಲಿ. ಆಲ್ಬಮ್ಮಿನ ಹೆಸರು ಬಂದದ್ದು ಅಲನ್ ಸಿಲಿಟೋ 1958ರಲ್ಲಿ ಬರೆದ, ಸೈಕಲ್ ಕಾರ್ಖಾನೆಯ ಕಾರ್ಮಿಕನೊಬ್ಬನ ಕಾದಂಬರಿಯಿಂದ. ಜನ ನನ್ನನ್ನು ಏನೆನ್ನುತ್ತಾರೋ ನಾನು ಅದಲ್ಲ ಎಂಬುದು ಅದರ ಅರ್ಥ.

ಇದು ನನಗೆ ಬರೀ ಹಾಡಿನ ವಿಷಯವಲ್ಲ. ನಾನು ಬಾಗಲಕೋಟೆ ಕಡೆಯವನು. ಕಾಲೇಜಿನ ಕಥಾಸ್ಪರ್ಧೆಗೆ ಬರೆದ ಕಥೆಯಲ್ಲಿ ಅಜ್ಜಿ, 'ಜೀವ ಬ್ಯಾಸತ್ತೈತಿ' ಅಂದಿದ್ದಳು. ತೀರ್ಪುಗಾರರು ಕೆಂಪು ಶಾಯಿಯಲ್ಲಿ ಅದನ್ನು 'ತುಂಬಾ ಬೇಸರವಾಗಿದೆ' ಎಂದು ತಿದ್ದಿದರು. ನಾನು ತಲೆಯಾಡಿಸಿ ಒಪ್ಪಿಕೊಂಡೆ. ಅನಂತರ ಹಲವು ವರ್ಷ ನನ್ನ ಕಥೆಗಳಲ್ಲಿ ಯಾರೂ ನಮ್ಮೂರಿನವರಂತೆ ಮಾತಾಡಲಿಲ್ಲ.

'ಎಲ್ಲರಿಗೂ ಅರ್ಥವಾಗಬೇಕಲ್ಲ?' ಎನ್ನುತ್ತಾರೆ. ಆಲ್ಬಂ ಕೊಂಡ ಆ ಲಕ್ಷಾಂತರ ಜನ ಷೆಫೀಲ್ಡಿನವರೇ? ಗೊತ್ತಿಲ್ಲದ ಪದವನ್ನು ಕೇಳುಗರು ಕೇಳುತ್ತಾ ಕೇಳುತ್ತಾ ಕಲಿತರು. ನಮ್ಮ ಓದುಗರು ಅಷ್ಟೂ ಮಾಡಲಾರರೆಂದು ತೀರ್ಮಾನಿಸುವುದು ಓದುಗರಿಗೆ ಮಾಡುವ ಅವಮಾನ. ನಂಜನಗೂಡು ಸೀಮೆಯ ಮಾತಿನಲ್ಲೇ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಯನ್ನು ನಾವು ಬಾಗಲಕೋಟೆಯಲ್ಲಿ ತಡವರಿಸಿಯಾದರೂ ಓದಿದೆವಲ್ಲ!

ಹಾಗೆಂದು ಆಡುಮಾತು ತುರುಕಿದರೆ ಸಾಹಿತ್ಯವಾಗುವುದಿಲ್ಲ. ಉತ್ತರ ಕರ್ನಾಟಕದ ಮಾತನ್ನು ನಗಿಸಲಿಕ್ಕೆಂದೇ ಬಳಸಿದ ಸಿನಿಮಾಗಳು ಎಷ್ಟಿಲ್ಲ? ಟರ್ನರ್ ತನ್ನೂರಿನವರನ್ನು ಕಂಡು ನಗುತ್ತಾನೆ, ಆದರೆ ಅವರ ಮಾತನ್ನು ಕಂಡು ನಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಕೆಂಪು ಶಾಯಿ ಕೊಡಬಾರದು.

ಮೊನ್ನೆ ಆ ಹಳೆಯ ಹಾಳೆ ತೆಗೆದು ನೋಡಿದೆ. ತಿದ್ದಿದ ಸಾಲಿನಲ್ಲಿ ವ್ಯಾಕರಣ ಸರಿಯಾಗಿಯೇ ಇತ್ತು. 'ಜೀವ' ಎಂಬ ಪದ ಮಾತ್ರ ಇರಲಿಲ್ಲ.