ಮೂರರಲ್ಲಿ ಒಂದನ್ನು ಉಳಿಸುವುದಾದರೆ

ಕಳೆದ ಜೂನ್ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆದರ್ಲೆಂಡ್ಸ್‌ನಿಂದ ಪತ್ರ ಬರೆದ. ಪತ್ರವೆಂದರೆ ಈಗಿನ ಕಾಲದ ಇ-ಮೇಲು. ಹೈಸ್ಕೂಲಿನಲ್ಲಿ ಘರ್ಷಣೆಯ ಪಾಠ ಮಾಡಿದ ದಿನ ಮನೆಗೆ ಹೋಗಿ ಸೈಕಲ್ಲಿನ ಬ್ರೇಕು ಬಿಚ್ಚಿ, ಮತ್ತೆ ಜೋಡಿಸಲಾಗದೆ ಅಪ್ಪನಿಂದ ಏಟು ತಿಂದಿದ್ದ ಹುಡುಗ. ಈಗ ಡೆಲ್ಫ್ಟ್ ಎಂಬ ಊರಿನಲ್ಲಿ ಎಂಜಿನಿಯರು.

“ಸಾರ್, ಮನೆ ಬದಲಾಯಿಸುತ್ತಿದ್ದೇವೆ. ಹೊಸ ಮನೆ ಎರಡನೇ ಮಹಡಿಯಲ್ಲಿದೆ. ಸೈಕಲ್ ಇಡುವುದಕ್ಕೆ ಕೆಳಗೆ ಒಂದು ಸಣ್ಣ ಕೋಣೆ ಮಾತ್ರ. ನನ್ನ ಹತ್ತಿರ ಮೂರು ರಿಕಂಬೆಂಟ್ ಸೈಕಲ್ಲುಗಳಿವೆ. ಒಂದನ್ನು ಉಳಿಸಿಕೊಂಡು ಎರಡನ್ನು ಮಾರಬೇಕು. ಯಾವುದನ್ನು ಉಳಿಸಲಿ? ನೀವು ಪಕ್ಷಪಾತವಿಲ್ಲದೆ ಹೇಳುತ್ತೀರಿ. ಏಕೆಂದರೆ ನೀವು ಯಾವುದನ್ನೂ ಓಡಿಸಿಲ್ಲ” ಎಂದು ಬರೆದಿದ್ದ.

ನಿಜ, ನಾನು ಓಡಿಸಿಲ್ಲ. ಆದರೆ ಮೇಷ್ಟ್ರಿಗೆ ಪ್ರಶ್ನೆ ಬಂದ ಮೇಲೆ ಉತ್ತರ ಕೊಡದೆ ಇರಲಾದೀತೆ?

ರಿಕಂಬೆಂಟ್ ಎಂದರೇನು ಎಂದು ಮೊದಲು ಹೇಳುತ್ತೇನೆ. ನಮ್ಮ ಮಾತಿನಲ್ಲಿ ಒರಗು ಸೈಕಲ್ಲು ಎನ್ನಬಹುದು. ಆರಾಮ ಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ಲು. ಪೆಡಲು ಕಾಲ ಕೆಳಗಲ್ಲ, ಎದುರಿಗೆ ಇರುತ್ತದೆ. ಅಲ್ಲಿಂದ ಹಿಂದಿನ ಚಕ್ರದವರೆಗೆ ಹೋಗಬೇಕಾದ್ದರಿಂದ ಚೈನು ಮಾಮೂಲು ಸೈಕಲ್ಲಿನ ಚೈನಿಗಿಂತ ಎರಡೂವರೆ, ಮೂರು ಪಟ್ಟು ಉದ್ದ. ಬೆನ್ನಿಗೆ ಆಸರೆ ಉಂಟು, ಅಂಗೈ ಮೇಲೆ ಮೈಭಾರ ಬೀಳುವುದಿಲ್ಲ. ನಮ್ಮ ಹುಡುಗ ಇದಕ್ಕೆ ಬಂದದ್ದೂ ಹಾಗೆಯೇ. ಬಾಗಿ ಓಡಿಸುವ ರೇಸ್ ಸೈಕಲ್ಲಿನಿಂದ ಅವನ ಕಿರುಬೆರಳುಗಳು ಜೋಮು ಹಿಡಿಯುತ್ತಿದ್ದವಂತೆ.

ಗೆದ್ದದ್ದಕ್ಕೆ ಸಿಕ್ಕ ಶಿಕ್ಷೆ

ಇದು ಹೊಸ ಆಟಿಕೆಯಲ್ಲ. ಫ್ರಾನ್ಸಿನಲ್ಲಿ ಚಾರ್ಲ್ಸ್ ಮೋಶೆ ಎಂಬಾತ ಮೊದಲು ತನ್ನ ಮಗನಿಗಾಗಿ ತುಳಿದು ಓಡಿಸುವ ನಾಲ್ಕು ಚಕ್ರದ ಪುಟ್ಟ ಗಾಡಿ ಮಾಡಿದ. ಅದೇ ಜಾಡಿನಲ್ಲಿ ಮುಂದೆ ಎರಡು ಚಕ್ರದ ಒರಗು ಸೈಕಲ್ಲು ತಯಾರಾಯಿತು. ಒಂದು ಗಂಟೆಯಲ್ಲಿ ಎಷ್ಟು ದೂರ ಸೈಕಲ್ ತುಳಿಯಬಹುದು ಎಂಬ ಪಂದ್ಯದಲ್ಲಿ ಆಸ್ಕರ್ ಎಗ್ 1914ರಲ್ಲಿ ಮಾಡಿದ್ದ 44.247 ಕಿಲೋಮೀಟರಿನ ದಾಖಲೆ 19 ವರ್ಷ ಅಲುಗಾಡದೆ ನಿಂತಿತ್ತು. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಮೋಶೆಯ ಸೈಕಲ್ಲಿನಲ್ಲಿ ಒರಗಿ ಕುಳಿತು 45.055 ಕಿಲೋಮೀಟರು ತುಳಿದ. ಫೋರ್ ಆ ಕಾಲದ ಮೊದಲ ಸಾಲಿನ ಸವಾರನೂ ಆಗಿರಲಿಲ್ಲ.

ಆಮೇಲೆ ಏನಾಯಿತು ಗೊತ್ತೆ? 1934ರಲ್ಲಿ ಸೈಕಲ್ ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟವು ಸೈಕಲ್ಲು ಎಂದರೆ ಹೀಗೇ ಇರಬೇಕು ಎಂದು ನಿಯಮ ಮಾಡಿ ಒರಗು ಸೈಕಲ್ಲನ್ನು ಪಂದ್ಯದಿಂದ ಹೊರಗಿಟ್ಟಿತು. ಪಂದ್ಯದಲ್ಲಿ ಇಲ್ಲದ್ದನ್ನು ಅಂಗಡಿಯಲ್ಲಿ ಯಾರು ಕೇಳುತ್ತಾರೆ? ದಶಕಗಳ ಕಾಲ ಅದು ಮೂಲೆ ಸೇರಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲವು ಪ್ರಾಧ್ಯಾಪಕರು, ಹವ್ಯಾಸಿಗಳು ಅದಕ್ಕೆ ಮತ್ತೆ ಜೀವ ಕೊಟ್ಟರು. ಗೂಡಿನಂತೆ ಹೊದಿಕೆ ಹಾಕಿದ ಇಂಥ ಸೈಕಲ್ಲಿನಲ್ಲಿ ಕೆನಡಾದ ಟಾಡ್ ರೀಚರ್ಟ್ 2016ರಲ್ಲಿ ಗಂಟೆಗೆ 144.17 ಕಿಲೋಮೀಟರು ವೇಗ ಮುಟ್ಟಿದರು. ಎಂಜಿನ್ನಿಲ್ಲ, ಪೆಟ್ರೋಲಿಲ್ಲ, ಎರಡು ಕಾಲು ಮಾತ್ರ!

ಗಾಳಿಯ ಲೆಕ್ಕ

ಇದರ ಗುಟ್ಟು ಗಾಳಿಯಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೆ ಖರ್ಚಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಷ್ಟು ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು ಬೇಕು. ನೆಟ್ಟಗೆ ಕುಳಿತವನ ಎದೆ, ಹೊಟ್ಟೆ, ತೊಡೆ ಎಲ್ಲವೂ ಗಾಳಿಗೆ ಬಾಗಿಲಿನಂತೆ ಅಡ್ಡ ನಿಲ್ಲುತ್ತವೆ. ಒರಗಿದವನ ಪಾದದ ಹಿಂದೆಯೇ ಮೈಯೆಲ್ಲ ಅಡಗುತ್ತದೆ.

ಹುಡುಗನ ಮೂರು ಸೈಕಲ್ಲುಗಳು ಇವು. ಒಂದನೆಯದು ನೆಲಕ್ಕೆ ಒಂದು ಗೇಣಿನಷ್ಟೇ ಎತ್ತರದ ಸೀಟಿರುವ ರೇಸಿನ ಸೈಕಲ್ಲು. ಎರಡನೆಯದು ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರ, ಕ್ಯಾರಿಯರ್ರು, ಮಡ್‌ಗಾರ್ಡು ಎಲ್ಲ ಇರುವ ಪ್ರವಾಸದ ಸೈಕಲ್ಲು. ಮೂರನೆಯದು ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ತ್ರಿಚಕ್ರ.

ನಾನು ಪಟ್ಟಿ ಹಾಕಿದೆ. ವೇಗ, ಏರು ಹತ್ತುವುದು, ಸಾಮಾನು ಹೊರುವುದು, ವಾಹನಗಳ ನಡುವೆ ಕಣ್ಣಿಗೆ ಬೀಳುವುದು, ಇಡುವ ಜಾಗ, ರಿಪೇರಿ. ಆರು ಬಾಬತ್ತು, ಒಂದೊಂದಕ್ಕೆ ಹತ್ತು ಅಂಕ.

ರೇಸಿನ ಸೈಕಲ್ಲಿಗೆ ವೇಗದಲ್ಲಿ ಹತ್ತಕ್ಕೆ ಹತ್ತು. ಆದರೆ ಅದರಲ್ಲಿ ಮಲಗಿದವನು ಕಾರಿನವನ ಕಣ್ಣಿಗೆ ಬೀಳುವುದು ಕಷ್ಟ. ಸಾಮಾನಿಗೂ ಜಾಗವಿಲ್ಲ. ಪ್ರವಾಸದ ಸೈಕಲ್ಲು ಯಾವುದರಲ್ಲೂ ಮೊದಲಲ್ಲ, ಯಾವುದರಲ್ಲೂ ನಪಾಸಲ್ಲ. ತ್ರಿಚಕ್ರ ಸುಮಾರು 80 ಸೆಂಟಿಮೀಟರು ಅಗಲ, ಕೋಣೆಯ ಬಾಗಿಲಿನಲ್ಲಿ ತೂರಿಸುವುದೇ ಒಂದು ಸಾಹಸ. ಮೂರು ಚಕ್ರಗಳು ಮೂರು ಜಾಡಿನಲ್ಲಿ ಉರುಳುವುದರಿಂದ ಗುಂಡಿ ತಪ್ಪಿಸುವುದೂ ಕಷ್ಟ. ಆದರೆ ಏರಿನಲ್ಲಿ ಅದಕ್ಕೊಂದು ವರವುಂಟು. ಒರಗು ಸೈಕಲ್ಲಿನಲ್ಲಿ ಎದ್ದು ನಿಂತು ತುಳಿಯುವ ಹಾಗಿಲ್ಲ. ಎರಡು ಚಕ್ರದ್ದಾದರೆ ವೇಗ ತೀರ ಇಳಿದಾಗ ಓಲಾಡಿ ಬೀಳುತ್ತದೆ. ತ್ರಿಚಕ್ರ ಬೀಳುವುದಿಲ್ಲ, ನಡಿಗೆಯ ವೇಗದಲ್ಲೂ ಹತ್ತಬಹುದು, ದಣಿವಾದರೆ ಬ್ರೇಕು ಹಿಡಿದು ಅಲ್ಲೇ ಸುಧಾರಿಸಿಕೊಳ್ಳಬಹುದು.

ಕೂಡಿಸಿದೆ. ಅರವತ್ತಕ್ಕೆ ರೇಸಿನದು 34, ತ್ರಿಚಕ್ರ 35, ಪ್ರವಾಸದ ಸೈಕಲ್ಲು 42. “ಪ್ರವಾಸದ್ದನ್ನು ಉಳಿಸಿಕೋ” ಎಂದು ಬರೆದೆ. “ಥ್ಯಾಂಕ್ಸ್ ಸಾರ್” ಎಂದು ಒಂದೇ ಸಾಲಿನ ಉತ್ತರ ಬಂತು. ಒಂದು ಲೆಕ್ಕ ಸರಿಯಾಗಿ ಬಿಡಿಸಿದ ಸಮಾಧಾನದಲ್ಲಿ ನಾನು ಅದನ್ನು ಮರೆತೆ.

ಪೋಸ್ಟಣ್ಣ ಬಂದರು

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವನ ಅಪ್ಪ ನಮ್ಮ ಮನೆಗೆ ಬಂದರು. ಊರಿಗೆಲ್ಲ ಅವರು ಪೋಸ್ಟಣ್ಣ. ಕೆಂಪು ಸೈಕಲ್ಲಿನ ಮೇಲೆ ದಿನಕ್ಕೆ ಹತ್ತಾರು ಮೈಲಿ ತುಳಿದು ಸುತ್ತಿನ ಹಳ್ಳಿಗಳಿಗೆ ಕಾಗದ, ಮನಿಯಾರ್ಡರು ಹಂಚಿದವರು. ನಿವೃತ್ತರಾದ ಕೆಲವು ವರ್ಷಕ್ಕೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತವು. ಕೋಲೂರಿ ನಡೆಯುತ್ತಾರೆ. ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು.

“ಏನು ಪೋಸ್ಟಣ್ಣ, ಮಗನ ಊರಿಂದ ಯಾವಾಗ ಬಂದಿರಿ?” ಎಂದೆ.

“ಮೊನ್ನೆ ಬಂದೆ ಮೇಷ್ಟ್ರೇ. ನಿಮ್ಮ ಲೆಕ್ಕ ತಪ್ಪಾಯ್ತಂತೆ, ಹೇಳು ಅಂದ ನಿಮ್ಮ ಶಿಷ್ಯ” ಎಂದು ನಕ್ಕು, ಜೇಬಿನಿಂದ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಕಾಲುವೆಯ ದಂಡೆಯ ಸೈಕಲ್ ದಾರಿ. ತ್ರಿಚಕ್ರದಲ್ಲಿ ಒರಗಿ ಕುಳಿತವರು ಪೋಸ್ಟಣ್ಣ. ಹಿಂದೆ ಒಂದು ಉದ್ದ ಕಡ್ಡಿಗೆ ಕಿತ್ತಲೆ ಬಣ್ಣದ ಬಾವುಟ. ತಗ್ಗಿನಲ್ಲಿರುವ ಗಾಡಿ ದೂರಕ್ಕೆ ಕಾಣಲೆಂದು ಕಟ್ಟುವ ಬಾವುಟ ಅದು.

ಮೇ ತಿಂಗಳಿಂದಲೇ ಅವರು ಮಗನ ಮನೆಯಲ್ಲಿದ್ದರಂತೆ. ನನಗೆ ಪತ್ರ ಬರೆದಾಗ ಹುಡುಗ ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನ್ನ ಪಟ್ಟಿ ತಲುಪಿದ ವಾರವೇ ಮಾರುವುದಕ್ಕೆಂದು ತ್ರಿಚಕ್ರವನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದ. ಪೋಸ್ಟಣ್ಣ ಕೋಲನ್ನು ಗೋಡೆಗೆ ಒರಗಿಸಿ ಅದರಲ್ಲಿ ಕುಳಿತರು. ಇಳಿಯಲೇ ಇಲ್ಲ.

ಹುಡುಗ ಸಂಜೆ ಹೊತ್ತು ಕೂತು ಅದನ್ನು ಅಪ್ಪನಿಗೆ ತಕ್ಕಂತೆ ಮಾರ್ಪಡಿಸಿದ. ಮುಂದಿನ ಎರಡು ಚಕ್ರಗಳ ಬ್ರೇಕಿಗೆ ಎರಡು ಕೈಯಲ್ಲಿ ಎರಡು ಹಿಡಿಗಳಿರುತ್ತವೆ. ಎರಡನ್ನೂ ಒಟ್ಟಿಗೆ ಎಳೆಯುವ ಒಂದೇ ಹಿಡಿ ತಂದು ಬಲಗೈಗೆ ಕೂರಿಸಿದ. ಗೇರನ್ನೂ ಬಲಕ್ಕೆ ತಂದ. ಎಡ ಪೆಡಲಿಗೆ ಹಿಮ್ಮಡಿ ಕೂರುವ ತಟ್ಟೆ, ಪಟ್ಟಿ ಹಾಕಿದ. ಇದು ಮುಖ್ಯ. ತ್ರಿಚಕ್ರದಲ್ಲಿ ಕಾಲು ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದೆ ಹೋಗಿ ಕಾಲು ಅಡಿಗೆ ಸಿಕ್ಕಿಕೊಳ್ಳುವ ಅಪಾಯವುಂಟು. ಪೆಡಲಿರುವ ಮುಂದಿನ ಕೊಳವೆಯನ್ನು ಅಪ್ಪನ ಕಾಲಿನ ಉದ್ದಕ್ಕೆ ಒಳಕ್ಕೆ ಸರಿಸಿದ, ಚೈನಿನ ಕೆಲವು ಕೊಂಡಿಗಳನ್ನೂ ತೆಗೆದ.

“ಮೊದಲ ಮೂರು ದಿನ ಅವನು ಪಕ್ಕದಲ್ಲೇ ಬಂದ ಮೇಷ್ಟ್ರೇ. ನಾಲ್ಕನೇ ದಿನ ‘ನೀನು ಮನೆಗೆ ಹೋಗು’ ಅಂದೆ. ಸೇತುವೆತನಕ ಒಬ್ಬನೇ ಹೋಗಿ ಬಂದೆ. ಕಾಯಿಲೆ ಬಿದ್ದ ಮೇಲೆ ಒಬ್ಬನೇ ಎಲ್ಲಿಗಾದರೂ ಹೋಗಿದ್ದು ಅದೇ ಮೊದಲು.”

ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ ಕಾಫಿ ತಂದೆ.

ತಪ್ಪು ಎಲ್ಲಿತ್ತು?

ಅವರು ಹೋದ ಮೇಲೆ ಹಳೆಯ ಪಟ್ಟಿ ತೆಗೆದು ಮತ್ತೆ ನೋಡಿದೆ. ಒಂದಲ್ಲ, ಎರಡು ತಪ್ಪುಗಳು ಕಂಡವು.

ಮೊದಲನೆಯದು ವೇಗದ್ದು. ನಾನು ಅಂಕ ಹಾಕಿದ್ದು ಗಂಟೆಗೆ 36 ಕಿಲೋಮೀಟರು ವೇಗವನ್ನು ಮನಸ್ಸಿನಲ್ಲಿಟ್ಟು. ಅಂದರೆ ಸೆಕೆಂಡಿಗೆ 10 ಮೀಟರು. ಗಾಳಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ ಪ್ರವಾಸದ ಸೈಕಲ್ಲಿಗೆ 0.35, ತ್ರಿಚಕ್ರಕ್ಕೆ 0.40 ಚದರ ಮೀಟರು ಎಂದು ಹಿಡಿಯೋಣ. ಇದನ್ನು ವೇಗದ ಘನದಿಂದ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಗಾಳಿಗಾಗಿ ಬೇಕಾದ ವ್ಯಾಟುಗಳು ಸಿಗುತ್ತವೆ. 0.6 ಎಂಬುದು ಗಾಳಿಯ ಸಾಂದ್ರತೆಯ ಅರ್ಧ. ಪ್ರವಾಸದ ಸೈಕಲ್ಲಿಗೆ 210, ತ್ರಿಚಕ್ರಕ್ಕೆ 240. ವ್ಯತ್ಯಾಸ 30 ವ್ಯಾಟು, ಸಣ್ಣದಲ್ಲ.

ಆದರೆ ಹುಡುಗ ದಿನವೂ ಕಚೇರಿಗೆ ಹೋಗುವುದು ಗಂಟೆಗೆ 18 ಕಿಲೋಮೀಟರು ವೇಗದಲ್ಲಿ. ಅಲ್ಲಿ ಎರಡೂ ಸಂಖ್ಯೆಗಳು ಎಂಟನೆಯ ಒಂದು ಪಾಲಿಗೆ ಇಳಿಯುತ್ತವೆ. 26 ಮತ್ತು 30. ವ್ಯತ್ಯಾಸ ನಾಲ್ಕೇ ವ್ಯಾಟು! ಮೂರನೆಯ ಟೈರಿನ ಘರ್ಷಣೆ ಸೇರಿಸಿದರೂ ಬೆವರು ಬರುವಷ್ಟಲ್ಲ. ಸೂತ್ರ ಸರಿಯಿತ್ತು, ಅದಕ್ಕೆ ಹಾಕಿದ ಬೆಲೆ ಅವನ ಜೀವನದ್ದಾಗಿರಲಿಲ್ಲ. ಪಂದ್ಯದ ವೇಗ ಹಾಕಿ ಕಚೇರಿಯ ಸೈಕಲ್ಲು ಆರಿಸಲು ಹೊರಟಿದ್ದೆ.

ಎರಡನೆಯ ತಪ್ಪು ದೊಡ್ಡದು. ನನ್ನ ಪಟ್ಟಿಯಲ್ಲಿ ಆರು ಬಾಬತ್ತುಗಳಿದ್ದವು, “ಯಾರಿಗೆ?” ಎಂಬ ಏಳನೆಯದು ಇರಲಿಲ್ಲ. ಪ್ರವಾಸದ ಸೈಕಲ್ಲನ್ನು ಆ ಮನೆಯಲ್ಲಿ ಒಬ್ಬನೇ ಓಡಿಸಬಲ್ಲ. ತ್ರಿಚಕ್ರವನ್ನು ಇಬ್ಬರು ಓಡಿಸಬಲ್ಲರು. ಆ ಇಬ್ಬರಲ್ಲಿ ಒಬ್ಬರಿಗೆ ಅದು ಬಿಟ್ಟರೆ ಬೇರೆ ಸೈಕಲ್ಲೇ ಇಲ್ಲ. ಕೋಣೆಯ ಬಾಗಿಲಲ್ಲಿ ತ್ರಿಚಕ್ರವನ್ನು ಓರೆಯಾಗಿ ಎತ್ತಿ ತೂರಿಸಬೇಕಂತೆ. ಹುಡುಗ ದಿನವೂ ತೂರಿಸುತ್ತಾನೆ. ಮುಂದಿನ ಬೇಸಿಗೆಗೆ ಅಪ್ಪ ಮತ್ತೆ ಹೋಗುತ್ತಾರೆ.

ವಿದ್ಯಾರ್ಥಿಗಳೇ, ಪಟ್ಟಿ ಹಾಕಿ ಅಂಕ ಕೊಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಅಂಕ ಕೂಡಿಸುವ ಮೊದಲು ಬಾಬತ್ತುಗಳನ್ನು ಇನ್ನೊಮ್ಮೆ ಓದಿ. ಯಾವುದು ಬಿಟ್ಟುಹೋಗಿದೆ ಎಂಬುದನ್ನು ಒಟ್ಟು ಮೊತ್ತ ಎಂದೂ ಹೇಳುವುದಿಲ್ಲ.

ಪಾಲಕರಿಗೂ ಒಂದು ಮಾತು. ಪ್ರತಿ ಜೂನ್‌ನಲ್ಲಿ ನನ್ನ ಮುಂದೆ ಅಂಕಪಟ್ಟಿ ಹಿಡಿದು ಬಂದು, ಮಗಳಿಗೆ ಪಿಯುಸಿಯಲ್ಲಿ ಯಾವ ವಿಷಯ ಕೊಡಿಸಲಿ ಎಂದು ಕೇಳುತ್ತೀರಿ. ಇಷ್ಟು ವರ್ಷ ನಾನು ಅಂಕ ನೋಡಿ ಉತ್ತರ ಹೇಳಿದ್ದೇನೆ. ಈ ಸಲದಿಂದ ಮೊದಲು ಆ ಮಗುವನ್ನು ಜೊತೆಗೆ ಕರೆದುಕೊಂಡು ಬನ್ನಿ ಎನ್ನುತ್ತೇನೆ.

ಮನೆಯಲ್ಲಿ ಮಾಡಲು ಒಂದು ಲೆಕ್ಕ: ನೆಟ್ಟಗೆ ಕುಳಿತು ಓಡಿಸುವ ನಮ್ಮ ಮಾಮೂಲು ಸೈಕಲ್ಲಿನ ವಿಸ್ತೀರ್ಣ 0.6 ಚದರ ಮೀಟರು, ಹುಡುಗ ಮಾರಿದ ರೇಸಿನ ಸೈಕಲ್ಲಿನದು 0.22 ಎಂದು ಹಿಡಿದು, ಗಂಟೆಗೆ 18 ಮತ್ತು 36 ಕಿಲೋಮೀಟರಿನಲ್ಲಿ ಗಾಳಿಗೆ ಎಷ್ಟೆಷ್ಟು ವ್ಯಾಟು ಬೇಕೆಂದು ಕಂಡುಹಿಡಿಯಿರಿ. ಆಮೇಲೆ ನಿಮ್ಮ ಶಾಲೆಯ ದಾರಿಯಲ್ಲಿ ನೀವು ನಿಜವಾಗಿ ಎಷ್ಟು ವೇಗದಲ್ಲಿ ಹೋಗುತ್ತೀರಿ ಎಂದು ಗಡಿಯಾರ ಹಿಡಿದು ಅಳೆದು, ಅದೇ ಬೆಲೆಯನ್ನು ಸೂತ್ರಕ್ಕೆ ಹಾಕಿ ನೋಡಿ.