ಹತ್ತು ರೂಪಾಯಿ ಕಂಡೆನ್ಸರಿಗೆ ಇಡೀ ಪೆಟ್ಟಿಗೆ ಎಸೆಯಬೇಕೆ?

ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಗೆ ಇಸಿಯು ಎನ್ನುತ್ತಾರೆ. ಅದು ಕೆಟ್ಟಿತೆಂದರೆ ದೊಡ್ಡ ಸರ್ವಿಸ್ ಸೆಂಟರಿನವರ ಬಾಯಲ್ಲಿ ಒಂದೇ ಮಂತ್ರ: "ಹೊಸದು ಹಾಕ್ಬೇಕು ಸಾರ್!" ಬಿಲ್ಲು ಸಾವಿರಗಳ ಲೆಕ್ಕದಲ್ಲಿ. ಮುಚ್ಚಳ ಬಿಚ್ಚಿ ಒಳಗೆ ಕೆಟ್ಟಿರುವುದೇನೆಂದು ನೋಡುವ ಪುಣ್ಯಾತ್ಮ ಅಲ್ಲಿಲ್ಲ. ಹಳೆಯ ಕಾರುಗಳಲ್ಲಿ ನೋಡಿದರೆ ಎಷ್ಟೋ ಸಲ ಸಿಗುವುದು ಸೋರಿದ ಕೆಪಾಸಿಟರ್. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಕಂಡೆನ್ಸರ್ ಎನ್ನುವ ಆ ಪುಟ್ಟ ಡಬ್ಬಿ. ಬೆಲೆ ಐದೋ ಹತ್ತೋ ರೂಪಾಯಿ!

ಇದು ಕಟ್ಟುಕತೆಯಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಾಟವಾದ ಮಿತ್ಸುಬಿಷಿ ಎಕ್ಲಿಪ್ಸ್, ಅದರ ಜೋಡಿ ಈಗಲ್ ಟಾಲನ್ ಕಾರುಗಳ ಇಸಿಯು ಈ ಸೋರಿಕೆಗೇ ಹೆಸರುವಾಸಿ. ಅಲ್ಲಿನ ಎಷ್ಟೋ ಮಾಲೀಕರು ಕಾವಿ ಹಿಡಿದು ಕೂತು ತಾವೇ ಬದಲಾಯಿಸಿಕೊಂಡರು.

ಆ ಡಬ್ಬಿಯೊಳಗೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ, ಎಲ್ಲ ಸುರುಳಿ ಸುತ್ತಿ ತಳಕ್ಕೆ ರಬ್ಬರ್ ಬಿರಡೆ. ಕಾಗದದ ವ್ಯಾಪಾರದವನಾದ ನನಗೆ ಇದು ಬೇಗ ಅರ್ಥವಾಯಿತು. ವರ್ಷಗಟ್ಟಲೆ ಶಾಖ ತಿಂದು ಬಿರಡೆ ಸೋಲುತ್ತದೆ, ದ್ರಾವಣ ಹೊರಗೆ ಜಿನುಗಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮುಚ್ಚಳ ತೆಗೆದರೆ ಕೊಳೆತ ಮೀನಿನ ವಾಸನೆ, ಹಸಿರು ಕಿಲುಬು. ಹೊರಗೆ ಕಾಣುವುದು ಇಷ್ಟೇ: ನಿಂತಲ್ಲಿ ಎಂಜಿನ್ ಏರಿಳಿಯುತ್ತದೆ, ಇದ್ದಕ್ಕಿದ್ದಂತೆ ಆಫ್ ಆಗುತ್ತದೆ, ಒಂದು ದಿನ ಸ್ಟಾರ್ಟೇ ಆಗುವುದಿಲ್ಲ.

ರಿಪೇರಿ ಬ್ರಹ್ಮವಿದ್ಯೆಯಲ್ಲ, ಆದರೆ ಅಡ್ಡಾದಿಡ್ಡಿ ಕೈಗೆ ಒಗ್ಗುವುದೂ ಅಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಹಳೆಯದನ್ನು ಕೀಳಬಾರದು, ಎಳೆದರೆ ತಾಮ್ರದ ಗೆರೆಯೂ ಕಿತ್ತು ಬರುತ್ತದೆ. ಎರಡೂ ಕಾಲಿನ ಬೆಸುಗೆ ಕರಗಿಸಿ ಬಿಡಿಸಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡು ತೊಳೆದು, ತುಂಡಾದ ಗೆರೆಗೆ ಸಣ್ಣ ತಂತಿ ಬೆಸೆಯಬೇಕು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು. 85 ಡಿಗ್ರಿಯದು ಬೇಡ, 105 ಡಿಗ್ರಿಯದೇ ಕೇಳಿ. ಮೈಮೇಲಿನ ಪಟ್ಟಿ ನೆಗೆಟಿವ್ ಕಡೆ. ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಚಿಲ್ಲರೆಗೇ ಸಿಗುತ್ತವೆ.

ಈ ಕೆಲಸ ಬಲ್ಲವರು ಯಾರು? ನಮ್ಮೂರುಗಳ ರೇಡಿಯೋ, ಟಿವಿ ರಿಪೇರಿಯವರು! ನನ್ನ ಆಫ್‌ಸೆಟ್ ಮೆಷಿನ್ನಿನ ಬೋರ್ಡು ಕೆಟ್ಟಾಗ ಕಂಪನಿಯ ಎಂಜಿನಿಯರ್ ಇಡೀ ಬೋರ್ಡೇ ಬದಲಿಸಿ ಎಂದ. ಪಕ್ಕದ ಬೀದಿಯ ಟಿವಿ ರಿಪೇರಿಯಣ್ಣ ಮೂರು ಕಂಡೆನ್ಸರ್ ಹಾಕಿ, ಕಾಫಿ ಕುಡಿದು ಹೋದ. ಮೆಷಿನ್ ಈಗಲೂ ಓಡುತ್ತಿದೆ. ಇಂಥವರ ಅಂಗಡಿಗಳು ಒಂದೊಂದಾಗಿ ಮುಚ್ಚಿ ಮೊಬೈಲ್ ಕವರ್ ಮಾರುವ ಅಂಗಡಿಗಳಾಗುತ್ತಿವೆಯಲ್ಲ, ಇದಕ್ಕೆ ಯಾರು ಹೊಣೆ? ಕೈಯಲ್ಲಿ ವಿದ್ಯೆಯಿದೆ. ಆದರೆ ಬೋರ್ಡಿನ ನಕ್ಷೆ, ತಪಾಸಣೆಯ ಉಪಕರಣ, ಮ್ಯಾನುಯಲ್ ಎಲ್ಲ ಕಂಪನಿಯ ಬೀರುವಿನಲ್ಲಿ.

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದನ್ನೇ ಹೇಳಿತು. ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ! ಆಮೇಲೆ? ಮೇಲ್ಮನವಿ, ತಡೆಯಾಜ್ಞೆ, ಮತ್ತೆ ಮೇಲ್ಮನವಿ. ಗ್ಯಾರೇಜಿನ ಹುಡುಗನ ಕೈಗೆ ಬಂದದ್ದೇನು ಸ್ವಾಮಿ?

ಎಲ್ಲ ಇಸಿಯು ರೋಗಕ್ಕೂ ಕಂಡೆನ್ಸರೇ ಕಾರಣವೆಂದು ನಾನು ಹೇಳುತ್ತಿಲ್ಲ. ಚಿಪ್ಪೇ ಸುಟ್ಟಿದ್ದರೆ, ಪದರ ಪದರದ ಬೋರ್ಡು ಒಳಗೇ ಕೊಳೆತಿದ್ದರೆ ಬದಲಿಸಲೇಬೇಕಾದೀತು. ಅದನ್ನು ಬಿಚ್ಚಿ ನೋಡಿದ ಮೇಲೆ ಹೇಳಲಿ.

ಇನ್ನೊಂದು ಮಾತು. ಇಮೊಬಿಲೈಸರ್ ಇರುವ ಕಾರುಗಳಲ್ಲಿ ಕೀಲಿಯ ಗುರುತು ಹಳೆಯ ಪೆಟ್ಟಿಗೆಗೇ ಅಂಟಿಕೊಂಡಿರುತ್ತದೆ. ಹೊಸದು ಹಾಕಿದರೆ ಪ್ರೋಗ್ರಾಮಿಂಗ್ ಎಂದು ಮತ್ತೊಂದು ಬಿಲ್ಲು. ಹಾಗಾಗಿ ಹಳೆಯ ಪೆಟ್ಟಿಗೆಯನ್ನು ಅವರ ಕೌಂಟರಿನಲ್ಲಿ ಬಿಟ್ಟು ಬರಬೇಡಿ. ಕೇಳಿ ಪಡೆದು, ಮೊದಲು ಸಾಲ್ಡರ್ ಬಲ್ಲ ನಿಮ್ಮೂರಿನವನೊಬ್ಬನ ಮೇಜಿನ ಮೇಲಿಡಿ.